ಮುದ್ದೆ ಮುರಿಯುವ ಕೈಗೆ ಯಾವ ಪರೀಕ್ಷೆ?

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ವರು ಸೇರಿ ಪಾರ್ಶ್ವವಾಯು ಆದವರಿಗಾಗಿ ಒಂದು ‘ಸ್ಮಾರ್ಟ್ ಗ್ಲೌಸ್’ ಮಾಡಿದೆವು. ಬೆರಳು ಎಷ್ಟು ಬಾಗಿತು ಎಂಬುದನ್ನು ಸೆನ್ಸರ್ ಅಳೆಯುತ್ತದೆ, ಮೊಬೈಲ್‌ನಲ್ಲಿ ಗ್ರಾಫ್ ಮೂಡುತ್ತದೆ. ಪ್ರದರ್ಶನದಲ್ಲಿ ಚಪ್ಪಾಳೆಯೂ ಬಿತ್ತು. ನೋಡಲು ಬಂದಿದ್ದ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರು ಮಾತ್ರ, ‘ಮುಷ್ಟಿ ಬಿಗಿದೇ ಇರುವ ಕೈಗೆ ಇದನ್ನು ತೊಡಿಸುವುದು ಹೇಗೆ?’ ಎಂದು ಕೇಳಿದರು. ನಾವು ಅದನ್ನು ನಮ್ಮದೇ ಕೈಗಳಿಗೆ ಹಾಕಿ ನೋಡಿದ್ದೆವು, ಅಷ್ಟೆ. ನನ್ನ ಅಜ್ಜನ ಬಲಗೈ ಎರಡು ವರ್ಷದಿಂದ ಹಾಗೆಯೇ ಮಡಚಿಕೊಂಡಿದೆ. ಊರಿಗೆ ಒಯ್ದು ತೊಡಿಸಿ ನೋಡಬೇಕೆಂದು ನನಗೇ ಹೊಳೆದಿರಲಿಲ್ಲ.

ಆ ಮೇಲೆ, ವಿಶ್ವವಿದ್ಯಾಲಯಗಳ ಆಕ್ಯುಪೇಷನಲ್ ಥೆರಪಿ ವಿಭಾಗಗಳಲ್ಲಿ ಏನು ಸಂಶೋಧನೆ ನಡೆಯುತ್ತದೆ ಎಂದು ಓದತೊಡಗಿದೆ. ನಮ್ಮ ಮಣಿಪಾಲದಲ್ಲೂ ಇಂಥ ವಿಭಾಗವಿದೆ. ಫಿಸಿಯೊಥೆರಪಿಗೆ ಇದು ಪಕ್ಕದ ಮನೆ. ಆದರೆ ಕೈ ಎಷ್ಟು ಡಿಗ್ರಿ ಮೇಲೇಳುತ್ತದೆ ಎನ್ನುವುದಕ್ಕಿಂತ ಆ ಕೈಯಿಂದ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುತ್ತದೆಯೇ ಎನ್ನುವುದು ಇಲ್ಲಿ ಮುಖ್ಯ. ಆಟಿಸಂ ಇರುವ ಮಕ್ಕಳು, ಕೈಬರಹದ ತೊಡಕು, ವೃದ್ಧರು ಜಾರಿ ಬೀಳುವುದು, ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡವರು ಕೆಲಸಕ್ಕೆ ಮರಳುವುದು, ಸಹಾಯಕ ಸಾಧನಗಳು... ಹೀಗೆ ಸಂಶೋಧನೆಯ ವಿಷಯಗಳು ಹಲವು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅಳತೆಯ ವಿಷಯ. ಕೈಯ ಸಾಮರ್ಥ್ಯ ಅಳೆಯಲು ಇಂದಿಗೂ ಬಳಸುವ ಜೆಬ್ಸೆನ್ ಪರೀಕ್ಷೆ 1969ರಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಅದರಲ್ಲಿ ಏಳು ಕೆಲಸಗಳಿವೆ. ಊಟಕ್ಕೆ ಸಂಬಂಧಿಸಿದ್ದು, ಚಮಚದಲ್ಲಿ ಬೀನ್ಸ್ ಕಾಳು ಎತ್ತಿ ಡಬ್ಬಕ್ಕೆ ಹಾಕುವುದು. ಮುದ್ದೆ ಉಣ್ಣುವ ಕೈಯ ಲೆಕ್ಕವೇ ಬೇರೆ. ಬಿಸಿ ಮುದ್ದೆ ಮುರಿಯಬೇಕು, ಬೆರಳ ತುದಿಯಲ್ಲಿ ಉಂಡೆ ಮಾಡಬೇಕು, ಸಾರಲ್ಲಿ ಅದ್ದಬೇಕು. ಚಮಚದ ಪರೀಕ್ಷೆಯಲ್ಲಿ ಪಾಸಾದವರು ಇಲ್ಲಿ ಫೇಲಾಗಬಹುದು. ಅಜ್ಜ ಈಗ ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಾರೆ, ಹೊಟ್ಟೆಯೇನೋ ತುಂಬುತ್ತದೆ. ಆದರೆ ಮದುವೆ ಮನೆಯ ಪಂಕ್ತಿಯಲ್ಲಿ ಕೂರುವುದನ್ನೇ ಬಿಟ್ಟಿದ್ದಾರೆ. ಅದನ್ನು ಯಾವ ಸೆನ್ಸರ್ ಅಳೆಯುತ್ತದೆ?

ಕೆನಡಾದವರು 1991ರಲ್ಲಿ ಪ್ರಕಟಿಸಿದ ಒಂದು ವಿಧಾನ ಇದಕ್ಕೆ ಹತ್ತಿರ ಬರುತ್ತದೆ. ನಿಮಗೆ ಯಾವ ಕೆಲಸ ಮುಖ್ಯ, ಅದನ್ನು ಎಷ್ಟು ಚೆನ್ನಾಗಿ ಮಾಡುತ್ತೀರಿ, ಎಷ್ಟು ತೃಪ್ತಿಯಿದೆ ಎಂದು ರೋಗಿಯನ್ನೇ ಕೇಳಿ, ಹತ್ತಕ್ಕೆ ಅಂಕ ಕೊಡಿಸುತ್ತಾರೆ. ನಮ್ಮ ಪ್ರಾಜೆಕ್ಟ್‌ಗೆ ಅಂಕ ಕೊಟ್ಟವರು ಸರ್ಕ್ಯೂಟ್, ಕೋಡ್, ವರದಿಯ ಬೈಂಡಿಂಗ್ ಎಲ್ಲವನ್ನೂ ನೋಡಿದರು. ಬಳಸುವವರು ಯಾರು ಎಂದು ಕೇಳಲಿಲ್ಲ.

2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಅಂಗವಿಕಲರ ಸಂಖ್ಯೆ 13 ಲಕ್ಷಕ್ಕೂ ಹೆಚ್ಚು. 2021ರ ಕಾಯ್ದೆ ಆಕ್ಯುಪೇಷನಲ್ ಥೆರಪಿಯನ್ನು ಮಾನ್ಯತೆ ಪಡೆದ ಆರೋಗ್ಯ ವೃತ್ತಿಗಳಲ್ಲಿ ಸೇರಿಸಿದೆ. ಕಾನೂನು ಬಂತು, ಆದರೆ ಎಂಜಿನಿಯರಿಂಗ್ ಲ್ಯಾಬ್‌ಗೂ ಆ ವಿಭಾಗಗಳಿಗೂ ನಡುವೆ ಬಾಗಿಲು ತೆರೆದಿಲ್ಲ. ಕೈಸನ್ನೆಯಿಂದ ಓಡುವ ಗಾಲಿಕುರ್ಚಿಯನ್ನು ಪ್ರತಿ ವರ್ಷ ಯಾರಾದರೊಬ್ಬರು ಮಾಡುತ್ತಾರೆ (ನಮ್ಮ ಸೀನಿಯರ್‌ಗಳೂ ಮಾಡಿದ್ದರು). ಅದರ ಮೇಲೆ ಕುಳಿತವರನ್ನು ನಾನು ಕಂಡಿಲ್ಲ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ನಮ್ಮ ಗೈಡ್ ಜೊತೆಗೆ ಒಬ್ಬ ಥೆರಪಿಸ್ಟ್ ಕೂಡ ಸಹಿ ಹಾಕಬೇಕು ಎಂಬ ನಿಯಮ ಬಂದರೂ ಸಾಕು, ಅರ್ಧ ಪ್ರಾಜೆಕ್ಟ್‌ಗಳ ವಿನ್ಯಾಸವೇ ಬದಲಾದೀತು.

ಗ್ಲೌಸಿನ ಮೇಲ್ಭಾಗ ಕತ್ತರಿಸಿ ಈಗ ವೆಲ್ಕ್ರೋ ಹಚ್ಚಿದ್ದೇವೆ. ಹೋದ ಭಾನುವಾರ ಅಜ್ಜನಿಗೆ ತೊಡಿಸಲು ನಾಲ್ಕು ನಿಮಿಷ ಹಿಡಿಯಿತು. ಹೆಬ್ಬೆರಳು ಇನ್ನೂ ಮುಷ್ಟಿಯ ಒಳಗೇ ಉಳಿಯುತ್ತದೆ.