ಲೆಕ್ಕಕ್ಕೆ ಆಡಿಟರ್ ಇದ್ದಾರೆ, ದೇಹಕ್ಕೆ ಯಾರಿದ್ದಾರೆ?



ನಮ್ಮ ಹೋಟೆಲುಗಳ ಲೆಕ್ಕ ನೋಡಲು ಆಡಿಟರ್ ಇದ್ದಾರೆ. ಗ್ರೈಂಡರ್ ಕೆಟ್ಟರೆ ಮೆಕ್ಯಾನಿಕ್ ಬರುತ್ತಾನೆ. ಆಹಾರ ಮುಟ್ಟುವ ಪ್ರತಿಯೊಬ್ಬ ಕೆಲಸಗಾರನಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕೆಂದು 2011ರ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಅದರಂತೆ ಭಟ್ಟರಿಂದ ಹಿಡಿದು ಸಪ್ಲೈಯರ್ ಹುಡುಗನವರೆಗೆ ಎಲ್ಲರ ಸರ್ಟಿಫಿಕೇಟುಗಳನ್ನೂ ಫೈಲಿನಲ್ಲಿ ಇಟ್ಟಿರುತ್ತೇವೆ. ಆದರೆ ಗಲ್ಲಾದಲ್ಲಿ ಕೂತ ಮಾಲೀಕನ ದೇಹದ ಲೆಕ್ಕ ನೋಡುವವರು ಯಾರು? ಯಾವ ಇನ್‌ಸ್ಪೆಕ್ಟರೂ ಅದನ್ನು ಕೇಳುವುದಿಲ್ಲ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಹೋಟೆಲ್ ನಡೆಸುವ ಪ್ರತಿಯೊಬ್ಬರೂ ಒಬ್ಬ ಹೆಲ್ತ್ ಕೋಚ್, ಅಂದರೆ ಆರೋಗ್ಯ ಮಾರ್ಗದರ್ಶಕರನ್ನು ಗೊತ್ತುಮಾಡಿಕೊಳ್ಳಬೇಕು. ಇದು ಸಿನಿಮಾ ನಟರ ಶೋಕಿ, ಜುಬಿಲಿ ಹಿಲ್ಸಿನವರ ವಿಷಯ ಎಂದು ಬದಿಗೆ ತಳ್ಳಬಾರದು. ಅಂಗಡಿ ಬಾಡಿಗೆ, ಗ್ಯಾಸ್ ಬಿಲ್ಲಿನಂತೆ ಇದೂ ವ್ಯಾಪಾರದ ಖರ್ಚೇ ಎಂದು ತಿಳಿಯಬೇಕು.

ನಮ್ಮ ಕಸುಬಿನ ಕಷ್ಟ

'ಊಟ ಬಲ್ಲವನಿಗೆ ರೋಗವಿಲ್ಲ' ಎಂದು ಹಿರಿಯರು ಹೇಳಿದ್ದಾರೆ. ಊರಿಗೆಲ್ಲ ಊಟ ಹಾಕುವ ನಾವು ಊಟ ಬಲ್ಲವರೇ ಆಗಬೇಕಿತ್ತು. ಆದರೆ ನಮ್ಮ ದಿನಚರಿಯನ್ನು ನೋಡಿ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಬಂದರೆ ಟಿಫಿನ್ ರಶ್ ಮುಗಿಯುವಾಗ ಹತ್ತೂವರೆ. ಅಷ್ಟರಲ್ಲಿ ಸಾಂಬಾರಿನ ರುಚಿ, ಚಟ್ನಿಯ ರುಚಿ, ಕೇಸರಿಬಾತಿನ ರುಚಿ ಎಂದು ಬಾಯಿ ಆಡುತ್ತಲೇ ಇರುತ್ತದೆ. ಮಧ್ಯಾಹ್ನದ ಊಟ ಮೂರೂವರೆಗೆ, ರಾತ್ರಿಯ ಊಟ ಶಟರ್ ಎಳೆದ ಮೇಲೆ ಹನ್ನೊಂದೂವರೆಗೆ. ಉಂಡ ಕೂಡಲೇ ಮಲಗಬೇಕು, ಏಕೆಂದರೆ ಮತ್ತೆ ನಾಲ್ಕೂವರೆಗೆ ಏಳಬೇಕು. ನಡುವೆ ಬಂದವರ ಜೊತೆ ಕುಡಿಯುವ ಕಾಫಿಗೆ ಲೆಕ್ಕವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದಂತೆ, ದಿನಕ್ಕೆ ಸುಮಾರು 25 ಗ್ರಾಂ ಅಂದರೆ ಆರು ಚಮಚದೊಳಗೆ ಸಕ್ಕರೆ ಇದ್ದರೆ ಒಳ್ಳೆಯದು. ಕಾಫಿಗೆ ಒಂದೇ ಚಮಚ ಎಂದಿಟ್ಟುಕೊಂಡರೂ ಆರು ಕಾಫಿಗೆ ಆ ಲೆಕ್ಕ ಮುಗಿಯಿತು. ಕೇಸರಿಬಾತ್, ಮೈಸೂರುಪಾಕ್ ಅದರ ಮೇಲೆ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಮಚದೊಳಗೆ ಇರಬೇಕು. ಸಾಂಬಾರ್, ಚಟ್ನಿ, ಉಪ್ಪಿನಕಾಯಿ ರುಚಿ ನೋಡುತ್ತಲೇ ಅದರಲ್ಲಿ ಎಷ್ಟು ಹೊಟ್ಟೆ ಸೇರುತ್ತದೋ!

2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ನಮ್ಮ ಸಂಘದ ಸಭೆಯಲ್ಲಿ ಕೈ ಎತ್ತಿಸಿದರೆ ಎಷ್ಟು ಕೈ ಏಳುತ್ತವೆ ಎಂದು ನೀವೇ ಊಹಿಸಿ. 2020ರ ಕೊರೊನಾ ಸಮಯದಲ್ಲಿ ಶುಗರ್, ಬಿ.ಪಿ. ಇದ್ದವರಿಗೆ ಅಪಾಯ ಎಷ್ಟು ಹೆಚ್ಚೆಂಬುದನ್ನು ನಾವೆಲ್ಲ ಕಂಡಿದ್ದೇವೆ.

ಡಾಕ್ಟರ್ ಇರುವಾಗ ಕೋಚ್ ಏಕೆ?

ಈ ಪ್ರಶ್ನೆಯನ್ನು ಅನೇಕ ಮಿತ್ರರು ಕೇಳಿದ್ದಾರೆ. ಡಾಕ್ಟರ್ ರೋಗ ನೋಡಿ ಔಷಧಿ ಬರೆಯುತ್ತಾರೆ. ಹೊರಗೆ ನಲವತ್ತು ಜನ ಕಾಯುತ್ತಿರುವಾಗ ನಮ್ಮ ದಿನಚರಿ ಕೇಳುತ್ತ ಕೂರಲು ಅವರಿಗೆ ಸಮಯವಿಲ್ಲ. ಒಂದು ಅಚ್ಚು ಹಾಕಿದ ಡಯಟ್ ಚಾರ್ಟ್ ಕೊಡುತ್ತಾರೆ. ರಾತ್ರಿ ಎಂಟಕ್ಕೆ ಊಟ, ಹತ್ತಕ್ಕೆ ನಿದ್ರೆ ಎಂದು ಅದರಲ್ಲಿರುತ್ತದೆ. ಎಂಟು ಗಂಟೆಗೆ ನಮ್ಮ ಹಾಲ್ ತುಂಬಿರುತ್ತದೆ. ಆಫೀಸಿಗೆ ಹೋಗುವವರಿಗೆ ಬರೆದ ಚಾರ್ಟ್ ಹೋಟೆಲಿನವರಿಗೆ ನಡೆಯುವುದಿಲ್ಲ. ಹೀಗಾಗಿ ಅದು ಒಂದು ವಾರ ಗೋಡೆಯ ಮೇಲಿದ್ದು ನಂತರ ಕ್ಯಾಲೆಂಡರಿನ ಹಿಂದೆ ಸೇರುತ್ತದೆ.

ಕೋಚ್ ಮಾಡುವ ಕೆಲಸ ಇಲ್ಲಿಯೇ ಇದೆ. ನಾವು ಗೊತ್ತುಮಾಡಿಕೊಂಡವರು ಪೋಷಣಾ ಶಾಸ್ತ್ರ ಓದಿದ ತೆಲುಗು ಹೆಣ್ಣುಮಗಳು. ಮೊದಲ ದಿನ ಅವರು ಉಪದೇಶವನ್ನೇ ಮಾಡಲಿಲ್ಲ. ಬೆಳಗ್ಗೆ ಆರಕ್ಕೆ ಬಂದು ಗಲ್ಲಾದ ಪಕ್ಕ ಕುರ್ಚಿ ಹಾಕಿ ಕೂತು, ನಮ್ಮ ಬಾಯಿಗೆ ಏನೇನು ಹೋಗುತ್ತದೆ ಎಂದು ಒಂದು ಪುಸ್ತಕದಲ್ಲಿ ಬರೆಯುತ್ತ ಹೋದರು. ಸಂಜೆ ಆ ಪುಟ ತೋರಿಸಿ, 'ರುಚಿ ನೋಡಬೇಡಿ ಎಂದು ನಾನು ಹೇಳುವುದಿಲ್ಲ ಸರ್, ಅದು ನಿಮ್ಮ ಕಸುಬು. ದೊಡ್ಡ ಸೌಟಿನ ಬದಲು ಚಿಕ್ಕ ಚಮಚ ಇಟ್ಟುಕೊಳ್ಳಿ, ಬೆಳಗ್ಗೆ ಒಂದು ಸಲ ನೀವು ನೋಡಿ, ಆಮೇಲಿನ ರುಚಿಯನ್ನು ಭಟ್ಟರಿಗೆ ಬಿಡಿ' ಎಂದರು.

ಊಟದ ಹೊತ್ತನ್ನೂ ನಮ್ಮ ರಶ್‌ಗೆ ಹೊಂದಿಸಿದರು. ಮಧ್ಯಾಹ್ನದ ಊಟ ರಶ್ ಶುರುವಾಗುವ ಮೊದಲು ಹನ್ನೆರಡಕ್ಕೆ, ರಾತ್ರಿಯದು ಏಳೂಕಾಲಕ್ಕೆ. ಶಟರ್ ಎಳೆದ ಮೇಲೆ ಒಂದು ಲೋಟ ತೆಳು ಮಜ್ಜಿಗೆ ಮಾತ್ರ. ಓಟ್ಸ್, ವಿದೇಶದ ಹಣ್ಣು ಎಂದು ಏನನ್ನೂ ಹೇಳಲಿಲ್ಲ. ನಮ್ಮ ಅಡುಗೆಮನೆಯಲ್ಲೇ ಇರುವ ಹೆಸರುಬೇಳೆ ಕೋಸಂಬರಿ, ಪಲ್ಯ, ಜೋಳದ ರೊಟ್ಟಿ, ಇಲ್ಲಿಯವರ ಪೆಸರಟ್ಟು ಇವನ್ನೇ ಹೆಚ್ಚಿಸಿ, ಅನ್ನವನ್ನು ಕಡಿಮೆ ಮಾಡಿಸಿದರು. ಮೂರೂವರೆಗೆ ಹಾಲ್ ಖಾಲಿ ಇರುವಾಗ ಅರ್ಧ ಗಂಟೆ ಹಿಂದಿನ ಗಲ್ಲಿಯಲ್ಲೇ ನಡಿಗೆ.

ಇದರಲ್ಲಿ ನಮಗೆ ತಿಳಿಯದ ಸಂಗತಿ ಯಾವುದಿದೆ? ಸಕ್ಕರೆ ಕಡಿಮೆ ಮಾಡಬೇಕು, ನಡೆಯಬೇಕು ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಪ್ರತಿ ಸೋಮವಾರ ಮಧ್ಯಾಹ್ನ ಫೋನ್ ಬರುತ್ತದೆ: 'ಈ ವಾರ ಎಷ್ಟು ದಿನ ನಡೆದಿರಿ?' ಕೇಳುವವರು ಒಬ್ಬರಿದ್ದಾರೆ ಎಂಬ ಕಾರಣಕ್ಕೇ ಕಾಲು ಹೊರಡುತ್ತದೆ. ಸೂಪರ್‌ವೈಸರ್ ಇಲ್ಲದ ಅಡುಗೆಮನೆಯಲ್ಲಿ ಸಾಂಬಾರು ದಿನಕ್ಕೊಂದು ಥರ ಆಗುವುದನ್ನು ನಾವು ಬಲ್ಲೆವು. ದೇಹವೂ ಹಾಗೆಯೇ.

ಪರೀಕ್ಷೆ ಮಾಡಿ ನೋಡಿದ್ದಾರೆ

ಇದು ಬರೀ ನಮ್ಮ ಅನುಭವದ ಮಾತಲ್ಲ. ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿನ ಪ್ರತಿಯೊಬ್ಬರಿಗೂ ಒಬ್ಬ ಮಾರ್ಗದರ್ಶಕರಿದ್ದು, ಮೊದಲ ಆರು ತಿಂಗಳಲ್ಲಿ 16 ಪಾಠ ಹೇಳಿಕೊಟ್ಟರು. ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ, ತೂಕದಲ್ಲಿ ನೂರಕ್ಕೆ ಏಳರಷ್ಟು ಇಳಿಕೆ, ಇಷ್ಟೇ ಗುರಿ. ಈ ಗುಂಪಿನಲ್ಲಿ ಕಾಯಿಲೆ ಬರುವುದು ಶೇಕಡಾ 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆ ತಿಂದ ಗುಂಪಿನಲ್ಲಿ ಶೇಕಡಾ 31 ಮಾತ್ರ.

ಅಮೆರಿಕದವರ ಮಾತು ಅನ್ನ ಉಣ್ಣುವ ನಮಗೇಕೆ ಎನ್ನಬೇಡಿ. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ 531 ಜನರ ಮೇಲೆ ಇಂಥದೇ ಪರೀಕ್ಷೆ ನಡೆಸಿ 2006ರಲ್ಲಿ ಪ್ರಕಟಿಸಿತು. ತಿಂಗಳಿಗೊಮ್ಮೆ ಫೋನ್ ಮಾಡಿ, ಆರು ತಿಂಗಳಿಗೊಮ್ಮೆ ಎದುರು ಕೂರಿಸಿ ಮಾತಾಡಿದ್ದಕ್ಕೇ ಕಾಯಿಲೆ ಬರುವುದು ಶೇಕಡಾ 28ಕ್ಕೂ ಹೆಚ್ಚು ತಗ್ಗಿತು. ಮಾತ್ರೆಯಿಂದಲೂ ಹೆಚ್ಚುಕಡಿಮೆ ಅಷ್ಟೇ ಫಲ ಸಿಕ್ಕಿತು.

ಆರಿಸುವಾಗ ಎಚ್ಚರ

ಇಂದು ಜಿಮ್ಮಿನಲ್ಲಿ ನಾಲ್ಕು ತಿಂಗಳು ಕಳೆದವರೂ ಕೋಚ್ ಎಂದು ಬೋರ್ಡು ಹಾಕುತ್ತಾರೆ. ಡಬ್ಬಿಯ ಪೌಡರ್ ಮಾರುವವರನ್ನು, ತಿಂಗಳಿಗೆ ಹತ್ತು ಕೆ.ಜಿ. ಇಳಿಸುತ್ತೇವೆ ಎನ್ನುವವರನ್ನು, ಡಾಕ್ಟರರ ಮಾತ್ರೆ ನಿಲ್ಲಿಸಿ ಎನ್ನುವವರನ್ನು ಬಾಗಿಲಲ್ಲೇ ಕಳಿಸಿಬಿಡಿ. ಮಾತ್ರೆ, ಇನ್ಸುಲಿನ್ ಬದಲಿಸುವ ಅಧಿಕಾರ ಡಾಕ್ಟರಿಗೆ ಮಾತ್ರ. ಈಗಾಗಲೇ ಮಾತ್ರೆ ತೆಗೆದುಕೊಳ್ಳುವವರು ಊಟದ ಹೊತ್ತು, ಪ್ರಮಾಣ ಬದಲಿಸುವ ಮೊದಲು ಡಾಕ್ಟರಿಗೆ ತಿಳಿಸಲೇಬೇಕು, ಇಲ್ಲದಿದ್ದರೆ ಶುಗರ್ ಒಮ್ಮೆಲೇ ಇಳಿದೀತು. ಕೋಚ್ ಪೋಷಣಾ ಶಾಸ್ತ್ರದಲ್ಲಿ ಪದವಿ ಪಡೆದಿದ್ದಾರೆಯೇ, ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ನಿನ ಪರೀಕ್ಷೆ ಪಾಸಾಗಿ ರಿಜಿಸ್ಟರ್ಡ್ ಡಯಟೀಷಿಯನ್ ಆಗಿದ್ದಾರೆಯೇ ಎಂದು ಕೇಳಿ. ಭಟ್ಟರನ್ನು ಸೇರಿಸಿಕೊಳ್ಳುವಾಗ ಮೊದಲು ಎಲ್ಲಿ ಕೆಲಸ ಮಾಡಿದ್ದೀರಿ ಎಂದು ಕೇಳುವುದಿಲ್ಲವೇ?

ಹೈದರಾಬಾದಿನಲ್ಲಿರುವ ನಮಗೆ ಇನ್ನೊಂದು ಅನುಕೂಲವಿದೆ. ದೇಶಕ್ಕೆಲ್ಲ ಊಟದ ಪಾಠ ಹೇಳುವ ರಾಷ್ಟ್ರೀಯ ಪೋಷಣಾ ಸಂಸ್ಥೆ ನಮ್ಮ ತಾರ್ನಾಕದಲ್ಲೇ ಇದೆ. 1918ರಲ್ಲಿ ಕೂನೂರಿನಲ್ಲಿ ಹುಟ್ಟಿದ ಈ ಸಂಸ್ಥೆ 1958ರಲ್ಲಿ ಇಲ್ಲಿಗೆ ಬಂತು. ಅದು 2024ರಲ್ಲಿ ಭಾರತೀಯರಿಗಾಗಿ 17 ಆಹಾರ ಸೂತ್ರಗಳನ್ನು ಹೊರತಂದಿದೆ. ಕೋಚ್ ಹೇಳುವುದು ಸರಿಯೇ ಎಂದು ತಾಳೆ ನೋಡಲು ಅದು ಒಳ್ಳೆಯ ಕೈಪಿಡಿ.

ಸಂಘಕ್ಕೆ ನಮ್ಮ ಸಲಹೆ

ಖರ್ಚಿನ ಮಾತು ಬಂದೇ ಬರುತ್ತದೆ. ಚಿಕ್ಕ ದರ್ಶಿನಿಯವರಿಗೆ ಒಬ್ಬರೇ ಭರಿಸುವುದು ಕಷ್ಟವಾಗಬಹುದು. ಕಾಚಿಗುಡ, ನಾರಾಯಣಗುಡ, ಕೋಠಿ ಹೀಗೆ ಒಂದೊಂದು ಭಾಗದ ಹತ್ತು ಹೋಟೆಲಿನವರು ಸೇರಿ ಒಬ್ಬ ಕೋಚನ್ನು ಗೊತ್ತುಮಾಡಿದರೆ ತಲೆಗೆ ಬೀಳುವ ಹಣ ಹಗುರವಾಗುತ್ತದೆ. ಸಂಘವು ಅರ್ಹತೆ ಇರುವವರ ಪಟ್ಟಿ ಮಾಡಿ ಕೊಡಲಿ. ವಾರ್ಷಿಕ ಸಭೆಯ ದಿನ ಶುಗರ್, ಬಿ.ಪಿ. ತಪಾಸಣೆಯನ್ನೂ ಇಟ್ಟುಕೊಳ್ಳಲಿ. ಬೆಂಕಿಯ ಮುಂದೆ ಹತ್ತು ಗಂಟೆ ನಿಲ್ಲುವ ಭಟ್ಟರನ್ನೂ, ದೋಸೆ ಕಾವಲಿಯವರನ್ನೂ ಇದರಲ್ಲಿ ಸೇರಿಸಿಕೊಳ್ಳಬೇಕು. ಅವರು ಕುಸಿದರೆ ಹೋಟೆಲೇ ಕುಸಿದಂತೆ.

ನಮ್ಮಲ್ಲಿ ಹೆಚ್ಚಿನವರ ಹೋಟೆಲು ಒಬ್ಬ ಮನುಷ್ಯನ ಮೇಲೆ ನಿಂತಿದೆ. ಮಕ್ಕಳು ಓದಿ ಗಚ್ಚಿಬೌಲಿಯ ಕಂಪನಿಗಳಲ್ಲಿ ಕೆಲಸದಲ್ಲಿದ್ದಾರೆ, ಗಲ್ಲಾಕ್ಕೆ ಬರುವುದಿಲ್ಲ. ಮಾಲೀಕ ಒಂದು ತಿಂಗಳು ಆಸ್ಪತ್ರೆಯಲ್ಲಿ ಮಲಗಿದರೆ ಮೂವತ್ತು ವರ್ಷದ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ, ಇಪ್ಪತ್ತು ಕೆಲಸಗಾರರ ಸಂಬಳ ನಿಲ್ಲುತ್ತದೆ. ಊರಿನಲ್ಲಿ ಆ ಸಂಬಳದ ಮೇಲೆ ನಡೆಯುವ ಮನೆಗಳೆಷ್ಟು! ಒಳ್ಳೆಯ ಎಣ್ಣೆ, ಒಳ್ಳೆಯ ಕಾಫಿಪುಡಿ ತರಿಸಲು ನಾವು ಹಿಂದೆಮುಂದೆ ನೋಡುವುದಿಲ್ಲ. ಅದನ್ನೆಲ್ಲ ನಡೆಸುವ ಶರೀರಕ್ಕೂ ತಿಂಗಳಿಗೆ ಒಂದಿಷ್ಟು ಹಣ ತೆಗೆದಿಡೋಣ. ಮುಂದಿನ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ ಎಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ.