ನೆಲವೇ ಡೊಂಕಾಗಿದ್ದರೆ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ಕಟ್ಟಿದವರು ನೆಲವನ್ನು ಒಮ್ಮೆಯಾದರೂ ಅಳೆದು ನೋಡಿದ್ದರೇ ಎಂಬುದು ನನ್ನ ಹಳೆಯ ಅನುಮಾನ. ಸ್ಕ್ರೀನ್ ಪ್ರಿಂಟಿಂಗ್ ಕೆಲಸದಲ್ಲಂತೂ ನೆಲ, ಅಂದರೆ ಅಚ್ಚಿನ ಮೇಜು, ಎಷ್ಟೋ ಸಲ ನಿಜಕ್ಕೂ ಡೊಂಕಾಗಿರುತ್ತದೆ. ಬೈಗುಳ ಮಾತ್ರ ಕುಣಿಯುವವಳಿಗೆ.

ಲಗ್ನಪತ್ರಿಕೆ, ತಾಂಬೂಲದ ಚೀಲ, ಜವಳಿ ಅಂಗಡಿಯ ಕೈಚೀಲ – ನಮ್ಮ ಊರುಗಳಲ್ಲಿ ಇವೆಷ್ಟೋ ಈ ಬಲೆಯ ಅಚ್ಚಿನಲ್ಲೇ ಆಗುತ್ತವೆ. 2016ರಲ್ಲಿ ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದ ಮೇಲೆ, ಬಟ್ಟೆಚೀಲದ ಅಚ್ಚು ಹೆಣ್ಣುಮಕ್ಕಳಿಗೆ ಒಳ್ಳೆಯ ಉದ್ಯೋಗವೆಂಬ ಮಾತೂ ಕೇಳಿಬಂತು. ಸಂತೋಷ. ಆದರೆ ನಾನು ಕಂಡ ಘಟಕಗಳಲ್ಲಿ ಹೆಂಗಸರ ಪಾಲಿಗೆ ಬರುವುದು ಶಾಯಿ ಎಳೆಯುವುದು, ಒಣಹಾಕುವುದು, ಎಣಿಸಿ ಕಟ್ಟುವುದು. ಯಂತ್ರದ ತಿರುಪು ಮುಟ್ಟುವವನು 'ಮಾಸ್ಟರ್'. ನೂರು ಚೀಲ ಚೆನ್ನಾಗಿ ಬಂದರೆ ಮಾಸ್ಟರನ ಕೈಚಳಕ. ನೂರಾ ಒಂದನೆಯದು ಮಸುಕಾದರೆ ಆ ಹುಡುಗಿಯ ಕೈಗುಣ ಸರಿಯಿಲ್ಲ. ಕೆಟ್ಟ ಚೀಲದ ಬೆಲೆಯನ್ನು ಅವಳ ಕೂಲಿಯಲ್ಲಿ ಮುರಿದುಕೊಳ್ಳುವುದೂ ಉಂಟು.

ಈ 'ಕೈಗುಣ' ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಚ್ಚು ಕೆಡಲು ಕಾರಣಗಳಿವೆ. ಅವು ಅಳತೆಗೆ ಸಿಗುತ್ತವೆ. ಬಲೆಗೂ ಬಟ್ಟೆಗೂ ನಡುವೆ ಸಾಮಾನ್ಯವಾಗಿ 2ರಿಂದ 3 ಮಿಲಿಮೀಟರ್ ಅಂತರವಿರಬೇಕು. ಸ್ಕ್ವೀಜಿ ಹಾದುಹೋದ ಕೂಡಲೇ ಬಲೆ ತಾನಾಗಿ ಮೇಲೇಳಬೇಕು. ಅಂತರ ಕಡಿಮೆಯಾದರೆ ಬಲೆ ಅಂಟಿಕೊಂಡು ಅಕ್ಷರದ ಅಂಚು ಕದಡುತ್ತದೆ. ಹೆಚ್ಚಾದರೆ ಬಲೆ ಜಗ್ಗಿ, ಎರಡನೆಯ ಬಣ್ಣ ಮೊದಲನೆಯದರ ಜಾಗದಲ್ಲಿ ಕೂರುವುದಿಲ್ಲ. ಮೇಜಿನ ಒಂದು ಮೂಲೆ ತಗ್ಗಿದ್ದರೆ ಮೇಲಿನ ಗಣಪತಿ ಲಕ್ಷಣವಾಗಿ ಮೂಡಿ, ಕೆಳಗಿನ ವಧುವಿನ ಹೆಸರು ಮಾಸುತ್ತದೆ. ಸ್ಕ್ವೀಜಿಯ ಓರೆ ಸುಮಾರು 75 ಡಿಗ್ರಿ ಇರಬೇಕು. ಒತ್ತಡ ಹೆಚ್ಚಾದರೆ ರಬ್ಬರಿನ ಅಂಚು ಬಾಗಿ ಶಾಯಿ ಅತಿಯಾಗಿ ಇಳಿಯುತ್ತದೆ. ಅಂಚು ಸವೆದು ದುಂಡಗಾದರೂ ಅದೇ ಗತಿ. ಬೇಸಿಗೆಯ ಮಧ್ಯಾಹ್ನ ಶಾಯಿ ಬೇಗ ಆರಿ ಬಲೆಯ ಕಣ್ಣು ಮುಚ್ಚುತ್ತದೆ. ಪ್ಲಾಸ್ಟಿಸಾಲ್ ಶಾಯಿಗೆ ಸುಮಾರು 160 ಡಿಗ್ರಿ ಸೆಲ್ಸಿಯಸ್ ಕಾವು ತಳದವರೆಗೂ ಮುಟ್ಟದಿದ್ದರೆ ಒಗೆತಕ್ಕೆ ಬಣ್ಣ ಬಿರಿಯುತ್ತದೆ. ಇವುಗಳಲ್ಲಿ ಯಾವುದು ಆ ಹುಡುಗಿಯ ಕೈಗುಣ?

ಹಾಗಾದರೆ ಕೈಗೆ ಬೆಲೆಯೇ ಇಲ್ಲವೇ ಎಂದು ಕೇಳುವವರಿದ್ದಾರೆ. ಖಂಡಿತ ಇದೆ. ಕೈಯಲ್ಲೇ ಎಳೆಯುವ ಮೇಜಿನಲ್ಲಿ ಒತ್ತಡ, ವೇಗ ಎರಡೂ ತೋಳಿನದೇ. ಆದರೆ ಮಿಕ್ಕದ್ದೆಲ್ಲ ಸ್ಥಿರವಾಗಿದ್ದಾಗ ಮಾತ್ರ ಕೈಯ ಪರೀಕ್ಷೆ ಸಾಧ್ಯ. ದಿನಕ್ಕೊಂದು ಅಳತೆಯ ಚಮಚ ಕೊಟ್ಟು, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಸೊಸೆಯನ್ನು ದೂರುವುದು ಯಾವ ನ್ಯಾಯ? ಒತ್ತಡವನ್ನೂ ಯಂತ್ರವೇ ಕೊಡುವ ಕಡೆಯಂತೂ ಈ ನೆಪವೂ ಉಳಿಯುವುದಿಲ್ಲ.

ಯಂತ್ರ ಹೊಂದಿಸುವುದು ಗುಟ್ಟಿನ ವಿದ್ಯೆಯೂ ಅಲ್ಲ. ಮೊದಲು ಮೇಜಿನ ಮಟ್ಟ, ಆಮೇಲೆ ಅಂತರ, ಓರೆ, ಕೊನೆಗೆ ಒತ್ತಡ. ಸ್ವಚ್ಛವಾದ ಅಚ್ಚಿಗೆ ಎಷ್ಟು ಕಡಿಮೆ ಒತ್ತಡ ಸಾಕೋ ಅಷ್ಟೇ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು. ಸರಿಬಂದ ಅಳತೆಯನ್ನು ಪುಸ್ತಕದಲ್ಲಿ ಬರೆದಿಟ್ಟು, ಮೊದಲ ಒಳ್ಳೆಯ ಅಚ್ಚನ್ನು ಕಣ್ಣೆದುರು ತೂಗುಹಾಕಿ, ಪ್ರತಿ ಐವತ್ತಕ್ಕೊಮ್ಮೆ ಹೋಲಿಸಿದರಾಯಿತು. ಹೊಲಿಗೆ ಯಂತ್ರದ ದಾರದ ಬಿಗಿಯನ್ನು ತಾವೇ ತಿದ್ದಿಕೊಳ್ಳುವ ನಮ್ಮ ಹೆಂಗಸರಿಗೆ ಇದು ಬಾರದ ವಿದ್ಯೆಯೇ? ಕಲಿಸಿದರೆ ಕೂಲಿ ಹೆಚ್ಚು ಕೇಳಿಯಾರು ಎಂಬ ಭಯವೇ ಇದರ ಹಿಂದಿದೆ ಎಂದು ನನಗನ್ನಿಸುತ್ತದೆ.

ಕೂಲಿ ಮುರಿದುಕೊಳ್ಳುವವರು ಕಾನೂನನ್ನೂ ತಿಳಿದಿರಲಿ. 1936ರ ವೇತನ ಪಾವತಿ ಕಾಯ್ದೆ ಹೇಳುತ್ತಿದ್ದುದೂ ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆ ಹೇಳುವುದೂ ಒಂದೇ: ನಷ್ಟ ಕೆಲಸಗಾರರ ನಿರ್ಲಕ್ಷ್ಯ ಅಥವಾ ತಪ್ಪಿನಿಂದಲೇ ನೇರವಾಗಿ ಆಗಿರಬೇಕು, ಹಣ ಹಿಡಿಯುವ ಮೊದಲು ಅವರ ಸಮಜಾಯಿಷಿ ಕೇಳಬೇಕು. ಮೇಜನ್ನೇ ಅಳೆಯದವರು ಅವಳ ನಿರ್ಲಕ್ಷ್ಯವನ್ನು ಹೇಗೆ ಅಳೆದರು?

ಸೋದರಿಯರೇ, ತರಬೇತಿಗೆ ಸೇರುವಾಗ ಶಾಯಿ ಎಳೆಯುವುದನ್ನಷ್ಟೇ ಕಲಿತು ಬರಬೇಡಿ. ತಿರುಪು ತಿರುಗಿಸುವುದನ್ನು ಕಲಿಸಿ ಎಂದು ಹಟ ಹಿಡಿಯಿರಿ. ಅಚ್ಚು ಕೆಡುತ್ತಿದ್ದರೆ ಯಂತ್ರ ನಿಲ್ಲಿಸುವ ಹಕ್ಕನ್ನು ಕೇಳಿ. ಅಳತೆಯ ಪುಸ್ತಕ ನಿಮ್ಮ ಕೈಯಲ್ಲಿರಲಿ. ಇನ್ನು ಕೂಲಿ ಮುರಿಯಬೇಕೆನ್ನುವವರು ಮೊದಲು ರಸಮಟ್ಟ ತಂದು ಮೇಜಿನ ಮೇಲಿಡಲಿ.