ಹರಿಹರದ ಮಹೋತ್ಸವ, ದಾವಣಗೆರೆಯ ದುಡಿಮೆ ಮತ್ತು ನಮ್ಮ ಪ್ರಬೋಧನೆಗಳು

ಸೆಪ್ಟೆಂಬರ್ 8 ಬಂತೆಂದರೆ ಕರಾವಳಿಯ ನಮ್ಮ ಮನೆಗಳಲ್ಲಿ ಮೊಂತಿ ಹಬ್ಬದ ಸಡಗರ. ಹೊಸ ತೆನೆ, ಮಕ್ಕಳ ಕೈಯಲ್ಲಿ ಹೂವು, ಮನೆಮಂದಿಯೆಲ್ಲ ಕೂಡಿ ಉಣ್ಣುವ ಊಟ. ಅದೇ ದಿನ ಘಟ್ಟದ ಮೇಲೆ, ತುಂಗಭದ್ರೆಯ ದಡದ ಹರಿಹರದಲ್ಲಿ ಆರೋಗ್ಯಮಾತೆಯ ಮಹೋತ್ಸವ. ಕ್ರೈಸ್ತರು ಮಾತ್ರವಲ್ಲ, ಹಿಂದೂಗಳೂ ಮುಸ್ಲಿಮರೂ ಹರಕೆ ಹೊತ್ತು ಅಲ್ಲಿಗೆ ಬರುತ್ತಾರೆ. ನಮ್ಮ ಅತ್ತೂರಿನ ಸಂತ ಲಾರೆನ್ಸರ ಪುಣ್ಯಕ್ಷೇತ್ರಕ್ಕೆ 2016ರಲ್ಲಿ ದೊರೆತ ಬಸಿಲಿಕಾದ ಗೌರವ ಹರಿಹರಕ್ಕೆ 2019ರಲ್ಲಿ ದೊರೆಯಿತು. ಎರಡೂ ಕಡೆ ಜನ ಸೇರುವ ಬಗೆ ಒಂದೇ. ಇಷ್ಟು ಜನಕ್ಕೆ ಪೀಠದಿಂದ ನಾವು ಏನನ್ನು ಹೇಳುತ್ತೇವೆ ಎಂಬ ಪ್ರಶ್ನೆಯೂ ಎರಡೂ ಕಡೆ ಒಂದೇ.

ಹರಿಹರ ಮತ್ತು ದಾವಣಗೆರೆ 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದವು. ಆದರೆ ಅವು ನಮಗೆ ದೂರದ ಊರುಗಳಲ್ಲ. 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ಹುಟ್ಟಿದಾಗ ಅದರ ಮೊದಲ ಧರ್ಮಾಧ್ಯಕ್ಷರಾಗಿ ಬಂದ ಅತಿ ವಂದನೀಯ ಜೆರಾಲ್ಡ್ ಐಸಾಕ್ ಲೋಬೊ ಅವರು ಅಲ್ಲಿಯವರೆಗೆ ಶಿವಮೊಗ್ಗದ ಧರ್ಮಾಧ್ಯಕ್ಷರಾಗಿದ್ದವರು. ಕೊಂಕಣಿ ಮನೆಮಾತಿನ ಎಷ್ಟೋ ಮಂದಿ ಯಾಜಕರು ಘಟ್ಟ ಹತ್ತಿ ಆ ಬಯಲುಸೀಮೆಯಲ್ಲಿ ಕನ್ನಡದಲ್ಲಿ ಪ್ರಬೋಧನೆ ನೀಡುತ್ತ ಬಂದಿದ್ದಾರೆ. ಆದುದರಿಂದ ಅಲ್ಲಿನ ಪ್ರಬೋಧನೆಯ ಚಿಂತೆ ನಮ್ಮದೂ ಹೌದು.

ಇಂದಿನ ಪರಿಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ನವೇನದ ಒಂಬತ್ತು ದಿನಗಳಲ್ಲಿ ಅದೇ ನಾಲ್ಕು ಪವಾಡದ ಕಥೆಗಳು, ಮೊಬೈಲಿಗೆ ಬಂದ ಒಂದು ದೃಷ್ಟಾಂತ, ನಗಿಸಲು ಒಂದು ಚುಟುಕು. ಆ ದಿನ ಓದಿದ ಶುಭಸಂದೇಶ ಇದರ ನಡುವೆ ಎಲ್ಲೋ ಕಳೆದುಹೋಗಿರುತ್ತದೆ. ಗುಡಿಯಿಂದ ಹೊರಬಂದವರನ್ನು 'ಇವತ್ತಿನ ವಾಚನ ಏನು?' ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಇದಕ್ಕೆ ಜನರನ್ನು ದೂರಿ ಫಲವಿಲ್ಲ.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಪ್ರಬೋಧನೆ ಪೂಜೆಯ ನಡುವಿನ ಭಾಷಣವಲ್ಲ, ಪೂಜಾವಿಧಿಯ ಅಂಗ ಎಂದು 1963ರಲ್ಲೇ ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿತು. ಪೋಪ್ ಫ್ರಾನ್ಸಿಸ್ ಅವರು 2013ರ 'ಎವಾಂಜೆಲಿ ಗೌದಿಯುಂ' ಪತ್ರದಲ್ಲಿ 135ರಿಂದ 159ರವರೆಗಿನ 25 ಪರಿಚ್ಛೇದಗಳನ್ನು ಇದಕ್ಕೇ ಮೀಸಲಿಟ್ಟರು. ಬೋಧಕನಾದವನು ವಾಕ್ಯವನ್ನೂ ಕೇಳಬೇಕು, ಜನರನ್ನೂ ಕೇಳಬೇಕು ಎಂಬುದು ಅದರ ತಿರುಳು. 2024ರ ಜೂನ್‌ನಲ್ಲಿ ಅವರು ಪ್ರಬೋಧನೆ ಎಂಟು ನಿಮಿಷ ಮೀರಬಾರದು ಎಂದಾಗ ಎಲ್ಲೆಡೆ ಸುದ್ದಿಯಾದದ್ದು ನಿಮಿಷಗಳ ಲೆಕ್ಕ ಮಾತ್ರ. ಆ ಎಂಟು ನಿಮಿಷದ ಹಿಂದೆ ಎಷ್ಟು ಗಂಟೆಗಳ ಅಧ್ಯಯನ ಇರಬೇಕೆಂಬುದರ ಬಗ್ಗೆ ಚರ್ಚೆ ನಡೆಯಲಿಲ್ಲ.

ಅಧ್ಯಯನದಿಂದ ಏನು ಲಾಭ ಎಂದು ಕೇಳುವವರಿಗೆ ಹರಿಹರದ ಮಹೋತ್ಸವವೇ ಉತ್ತರ. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನದ ಹಬ್ಬಕ್ಕೆ ಗೊತ್ತುಪಡಿಸಿರುವ ಶುಭಸಂದೇಶ ಮತ್ತಾಯನ ಮೊದಲನೇ ಅಧ್ಯಾಯದಲ್ಲಿ ಬರುವ ಯೇಸುವಿನ ವಂಶಾವಳಿ. ಅಬ್ರಹಾಮನಿಂದ ಜೋಸೆಫನವರೆಗೆ ಹೆಸರುಗಳ ಉದ್ದನೆಯ ಸಾಲು. ಓದುವವರಿಗೆ ನಾಲಿಗೆ ತೊಡರುತ್ತದೆ, ಕೇಳುವವರಿಗೆ ಬೇಸರ. ಅದಕ್ಕೇ ಅನೇಕರು 18ನೇ ವಚನದಿಂದ ಆರಂಭವಾಗುವ ಚಿಕ್ಕ ವಾಚನವನ್ನು ಆರಿಸಿಕೊಳ್ಳುತ್ತಾರೆ. ಅದಕ್ಕೆ ಅನುಮತಿಯೂ ಇದೆ. ಹೆಸರುಗಳನ್ನು ಓದಿದವರೂ ಪ್ರಬೋಧನೆಯಲ್ಲಿ ಅವುಗಳ ಗೊಡವೆಗೆ ಹೋಗುವುದಿಲ್ಲ.

ಆದರೆ ಒಂದು ಸಂಜೆ ಆ ಪಟ್ಟಿಯೊಡನೆ ಕುಳಿತು ನೋಡಿ. ಗಂಡಸರ ಹೆಸರುಗಳ ನಡುವೆ ನಾಲ್ವರು ಹೆಂಗಸರು ಕಾಣಿಸುತ್ತಾರೆ: ತಾಮಾರಳು, ರಹಾಬಳು, ರೂತಳು ಮತ್ತು ಊರೀಯನ ಹೆಂಡತಿ. ಸಾರಾ, ರೆಬೆಕ್ಕಾ, ರಾಖೇಲರಂಥ ದೊಡ್ಡ ಹೆಸರುಗಳನ್ನು ಬಿಟ್ಟು ಮತ್ತಾಯನು ಇವರನ್ನೇ ಯಾಕೆ ಆರಿಸಿಕೊಂಡ? ರಹಾಬಳು ಜೆರಿಕೋ ಪಟ್ಟಣದ ವೇಶ್ಯೆ, ಇಸ್ರಯೇಲಿನವಳಲ್ಲ. ರೂತಳು ಮೋವಾಬಿನವಳು, ಹೊಟ್ಟೆಪಾಡಿಗಾಗಿ ಪರರ ಹೊಲದಲ್ಲಿ ಹಕ್ಕಲು ತೆನೆ ಆಯ್ದ ವಿಧವೆ. ತಾಮಾರಳು ಮಾವನ ಮನೆಯಿಂದ ನ್ಯಾಯ ಸಿಗದೆ ನೊಂದವಳು. ಊರೀಯನ ಹೆಂಡತಿಯ ಹೆಸರನ್ನೇ ಮತ್ತಾಯನು ಹೇಳುವುದಿಲ್ಲ. ದಾವೀದ ಮಾಡಿದ ಅನ್ಯಾಯ ಯಾರೂ ಮರೆಯದ ಹಾಗೆ ಗಂಡನ ಹೆಸರನ್ನು ಮುಂದಿಟ್ಟಿದ್ದಾನೆ. ಕೊನೆಗೆ, ಇಂಥವನು ಇಂಥವನನ್ನು ಪಡೆದನು ಎಂದು ಒಂದೇ ಸಮನೆ ಸಾಗಿ ಬಂದ ವಾಕ್ಯ ಜೋಸೆಫನ ಬಳಿ ಬಂದಾಗ ಮುರಿಯುತ್ತದೆ. ಅವನು ಮರಿಯಳ ಪತಿ, ಯೇಸು ಹುಟ್ಟಿದ್ದು ಆಕೆಯಲ್ಲಿ ಎಂದು ಮತ್ತಾಯನು ಮಾತಿನ ದಾರಿಯನ್ನೇ ಬದಲಿಸುತ್ತಾನೆ.

ಈಗ ಬಸಿಲಿಕಾದ ಅಂಗಳದಲ್ಲಿ ನಿಂತ ಜನರ ಕಡೆ ನೋಡಿ. ಬೇರೆ ಧರ್ಮದ ತಾಯಿ, ಮಕ್ಕಳಾಗಿಲ್ಲವೆಂದು ಮನೆಯಲ್ಲಿ ಮಾತು ಕೇಳಿದ ಸೊಸೆ, ಗಂಡನನ್ನು ಕಳೆದುಕೊಂಡು ಕೂಲಿಗೆ ಹೋಗುವವಳು. 'ನಿಮ್ಮಂಥವರ ಹೆಸರು ಯೇಸುಸ್ವಾಮಿಯ ಮನೆತನದ ಪಟ್ಟಿಯಲ್ಲೇ ಇದೆ' ಎಂದು ಹೇಳಲು ಇದಕ್ಕಿಂತ ಒಳ್ಳೆಯ ವಾಚನ ಸಿಕ್ಕೀತೇ? ಇದನ್ನು ಹೇಳಲು ಹೊರಗಿನ ಕಥೆ ಬೇಕಿಲ್ಲ. ನಾವು ದಾಟಿ ಹೋದ ಹದಿನಾರು ವಚನಗಳಲ್ಲೇ ಅದು ಇತ್ತು.

ಹರಿಹರದಿಂದ ಹದಿನೈದು ಕಿಲೋಮೀಟರಿನೊಳಗಿರುವ ದಾವಣಗೆರೆಯದು ಇನ್ನೊಂದು ಬಗೆಯ ಪಾಠ. ಹತ್ತಿಗಿರಣಿಗಳಿಂದಾಗಿ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು ಅದು. ಆ ಗಿರಣಿಗಳು ಒಂದರ ಹಿಂದೊಂದು ಮುಚ್ಚಿದವು. ಹರಿಹರದಲ್ಲಿ 1941ರಲ್ಲಿ ಆರಂಭವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಬಾಗಿಲು ಹಾಕಿತು. ಇಂಥ ಊರಿನಲ್ಲಿ ಮತ್ತಾಯನ 20ನೇ ಅಧ್ಯಾಯದ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯನ್ನು ಓದಬೇಕಾಗುತ್ತದೆ. 2023ರ ಸೆಪ್ಟೆಂಬರ್ 24ರ ಭಾನುವಾರ ಅದೇ ವಾಚನವಿತ್ತು. ಅದೇ ತಿಂಗಳು ರಾಜ್ಯ ಸರ್ಕಾರ ಬರಪೀಡಿತ ತಾಲೂಕುಗಳನ್ನು ಘೋಷಿಸಲು ತೊಡಗಿತ್ತು. ಮುಂದೆ ರಾಜ್ಯದ 236 ತಾಲೂಕುಗಳ ಪೈಕಿ 223 ಆ ಪಟ್ಟಿಗೆ ಸೇರಿದವು. ಮಳೆಯಿಲ್ಲದೆ ಹೊಲದಲ್ಲಿ ಕೂಲಿಯೂ ಇಲ್ಲದ ದಿನಗಳು.

ಈ ಸಾಮತಿಯನ್ನು ಸಾಮಾನ್ಯವಾಗಿ 'ದೇವರ ಉದಾರತೆ' ಎಂಬ ಒಂದು ಮಾತಿನಲ್ಲಿ ಮುಗಿಸುತ್ತೇವೆ. ಹತ್ತಿರದಿಂದ ಓದಿದರೆ ಯಜಮಾನ ದಿನಕ್ಕೆ ಐದು ಸಲ ಪೇಟೆಗೆ ಹೋಗುವುದು ಕಾಣುತ್ತದೆ. ಸಂಜೆ ಐದಕ್ಕೂ ನಿಂತೇ ಇದ್ದವರು ಸೋಮಾರಿಗಳಲ್ಲ. ತಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಎಂಬುದು ಅವರ ಉತ್ತರ. ಯಜಮಾನ ಕೊಟ್ಟ ಒಂದು ದಿನಾರಿ ಆ ಕಾಲದ ಒಂದು ದಿನದ ಕೂಲಿ, ಒಂದು ಮನೆಯ ಒಲೆ ಹೊತ್ತುವಷ್ಟು ಹಣ. ಗಿರಣಿ ಮುಚ್ಚಿದ ಮೇಲೆ ಕೆಲಸ ಹುಡುಕಿ ಅಲೆದ ಮನೆಯವರಿಗೆ ಈ ಒಂದು ವಚನವೇ ಸಾಕು. ಬೆಳಿಗ್ಗೆಯಿಂದ ದುಡಿದವರ ಗೊಣಗಾಟ ನಮ್ಮಲ್ಲಿ ಯಾರದು ಎಂದು ಕೇಳುವ ಧೈರ್ಯವೂ ಬೋಧಕರಿಗೆ ಅಲ್ಲಿಂದಲೇ ಬರುತ್ತದೆ.

'ಭಾನುವಾರ ಎರಡು ಮೂರು ಪೂಜೆ, ಶಾಲೆ, ಕಟ್ಟಡ, ರೋಗಿಗಳ ಭೇಟಿ, ಇದರ ನಡುವೆ ಓದುವುದು ಯಾವಾಗ?' ಎಂದು ಧರ್ಮಗುರುಗಳು ಕೇಳುವುದರಲ್ಲಿ ಹುರುಳಿಲ್ಲದಿಲ್ಲ. ಆದರೆ ಬೇಕಾದದ್ದು ಹೆಚ್ಚು ಹೊತ್ತಿಗಿಂತ ಬೇಗ ಆರಂಭಿಸುವ ಅಭ್ಯಾಸ. ದಾವಣಗೆರೆಯ ಬೆಣ್ಣೆದೋಸೆಯವರನ್ನೇ ಕೇಳಿ: ಹಿಟ್ಟು ಹಿಂದಿನ ದಿನವೇ ರುಬ್ಬಿ ಹುಳಿ ಬರಲು ಬಿಡದಿದ್ದರೆ ಬೆಳಿಗ್ಗೆ ಎಷ್ಟು ಬೆಣ್ಣೆ ಹಾಕಿದರೂ ದೋಸೆ ದೋಸೆಯಾಗದು. ಸೋಮವಾರವೇ ಮುಂದಿನ ಭಾನುವಾರದ ವಾಚನವನ್ನು ನಿಧಾನವಾಗಿ ಓದಬೇಕು. ಎರಡು ಕನ್ನಡ ಅನುವಾದಗಳನ್ನು ಪಕ್ಕಪಕ್ಕದಲ್ಲಿಟ್ಟು ಎಲ್ಲಿ ಪದ ಬೇರೆಯಾಗಿದೆ ಎಂದು ಗುರುತಿಸಬೇಕು. ತಡೆದು ನಿಲ್ಲಿಸುವ ಪದವನ್ನು ಬಿಡದೆ ಹಿಡಿಯಬೇಕು. ವ್ಯಾಖ್ಯಾನ ಗ್ರಂಥವನ್ನು ತೆರೆಯುವುದು ಆಮೇಲೆ. ವಾರದ ಮಧ್ಯೆ ಕಿರು ಕ್ರೈಸ್ತ ಸಮುದಾಯದ ನಾಲ್ಕೈದು ಜನರೊಡನೆ ಓದಿ, ಅವರು ಏನು ಕೇಳಿಸಿಕೊಂಡರು ಎಂದು ವಿಚಾರಿಸಬೇಕು. ಕರಾವಳಿಯಿಂದ ಹೋದವರಿಗೆ ಇದು ಇನ್ನೂ ಮುಖ್ಯ. ಬಲೆ, ದೋಣಿ, ತೆಂಗಿನ ತೋಟದ ಹೋಲಿಕೆಗಳು ಮೆಕ್ಕೆಜೋಳದ ಹೊಲದವರಿಗೆ ಅಷ್ಟಾಗಿ ತಾಗುವುದಿಲ್ಲ. ಶನಿವಾರ ಹೇಳಬೇಕಾದ ಒಂದೇ ಮಾತನ್ನು ಒಂದು ವಾಕ್ಯದಲ್ಲಿ ಬರೆಯಲು ಬಂದರೆ ಪ್ರಬೋಧನೆ ಸಿದ್ಧವಾಯಿತೆಂದು ತಿಳಿಯಬಹುದು.

'ಹರಕೆಗೆ ಬಂದ ಜನಕ್ಕೆ ಗ್ರೀಕ್ ಪಾಠ ಬೇಕೇ?' ಎಂಬ ಆಕ್ಷೇಪವೂ ಇದೆ. ಬೇಡವೇ ಬೇಡ. ಒಲೆಯ ಹೊಗೆ ಅಡುಗೆಮನೆಯಲ್ಲೇ ಇರಬೇಕು, ಊಟದ ಎಲೆಗೆ ಬರಬಾರದು. ಆದರೆ ಒಲೆಯನ್ನೇ ಹೊತ್ತಿಸದೆ ಎಲೆ ಹಾಕುವುದು ಬಂದವರಿಗೆ ಮಾಡುವ ಅವಮಾನ.

ಈ ಕೆಲಸವನ್ನು ಒಬ್ಬೊಬ್ಬರೇ ಮಾಡಬೇಕಾಗಿಯೂ ಇಲ್ಲ. ಒಂದು ಡೀನರಿಯ ಧರ್ಮಗುರುಗಳು ತಿಂಗಳಿಗೊಮ್ಮೆ ಕೂಡಿ ಬರಲಿರುವ ನಾಲ್ಕು ಭಾನುವಾರಗಳ ವಾಚನಗಳನ್ನು ಓದಬಹುದು. ಸತ್ಯವೇದವನ್ನು ಬಾಲ್ಯದಿಂದಲೇ ಬಾಯಿಪಾಠ ಮಾಡಿದ ಪ್ರೊಟೆಸ್ಟೆಂಟ್ ಸಭೆಗಳ ಪಾಸ್ಟರುಗಳನ್ನೂ ಕರೆದರೆ ಎರಡೂ ಕಡೆಯವರಿಗೆ ಲಾಭವೇ. ಕನ್ನಡದಲ್ಲಿ ಇಡೀ ಬೈಬಲ್ 1830ರ ದಶಕದ ಆರಂಭದಲ್ಲಿ ಬಳ್ಳಾರಿಯಲ್ಲಿ ಹೊರಬಂದದ್ದು ಲಂಡನ್ ಮಿಷನ್ನಿನವರ ಶ್ರಮದಿಂದ. ಬಾಸೆಲ್ ಮಿಷನ್ನಿನ ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲೇ. ಆ ಫಲವನ್ನು ಎಲ್ಲರೂ ಉಂಡಿದ್ದೇವೆ. ಶ್ರೀಸಾಮಾನ್ಯರಾದ ನಮಗೂ ಹೊಣೆಯಿದೆ: ವಾಚನವನ್ನು ಮನೆಯಲ್ಲಿ ಓದಿಕೊಂಡು ಬರೋಣ, ಒಳ್ಳೆಯ ಪ್ರಬೋಧನೆ ಕೇಳಿದಾಗ ಫಾದರ್ ಬಳಿ ಹೋಗಿ ಯಾವ ಮಾತು ತಟ್ಟಿತು ಎಂದು ಹೇಳೋಣ.

ಮುಂದಿನ ಸೆಪ್ಟೆಂಬರ್ 8ರಂದು ಹರಿಹರದಲ್ಲಾಗಲಿ ನಮ್ಮ ಊರಿನಲ್ಲಾಗಲಿ ಆ ಹೆಸರುಗಳ ಪಟ್ಟಿಯನ್ನು ಪೂರ್ತಿಯಾಗಿ ಓದಲಿ. ಓದಿದ ಮೇಲೆ ರೂತಳು ಯಾರೆಂದು ಜನರಿಗೆ ತಿಳಿಯುವಂತೆ ಹೇಳಲಿ.